ಅಮಾನತು

ಯಾದಗಿರಿ ಪಟ್ಟಣದ ಮಗ್ಗುಲಿನ ಮುದನಾಳದಿಂದ ಒಬ್ಬ ಹೆಣ್ಣುಮಗಳು ವಿಧವಾ ವೇತನಕ್ಕೆ ಅರ್ಜಿ ಹಾಕಲು ಹೊರಟಿದ್ದಾಳೆ ಎಂದಿಟ್ಟುಕೊಳ್ಳೋಣ. ಆಕೆಯ ಕೈಚೀಲದಲ್ಲಿ ಏನೇನಿರುತ್ತದೆ? ಆಧಾರ್ ಕಾರ್ಡಿನ ಝೆರಾಕ್ಸು, ರೇಶನ್ ಕಾರ್ಡಿನ ಝೆರಾಕ್ಸು, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸು, ಗಂಡನ ಮರಣ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಎರಡು ಫೋಟೊ. ಕೌಂಟರಿನಲ್ಲಿ ಕುಳಿತ ಹುಡುಗ ಫೋನ್ ನಂಬರ್ ಕೇಳುತ್ತಾನೆ. ಓಟಿಪಿ ಕೇಳುತ್ತಾನೆ. ಕೊನೆಗೆ ಹೆಬ್ಬೆಟ್ಟು ಕೇಳುತ್ತಾನೆ. ಆಕೆ ಎಲ್ಲವನ್ನೂ ಕೊಡುತ್ತಾಳೆ. ಅವಳ ಬದುಕಿನಲ್ಲಿ ಗುಟ್ಟೆಂಬುದು ಏನಿತ್ತೋ ಅದೆಲ್ಲ ಹತ್ತು ನಿಮಿಷದಲ್ಲಿ ಸರ್ಕಾರದ ಮೇಜಿನ ಮೇಲೆ ಬಿದ್ದಿರುತ್ತದೆ. ಆನಂತರ ಅದು ಎಲ್ಲಿಗೆ ಹೋಯಿತು, ಯಾರ ಕಣ್ಣಿಗೆ ಬಿತ್ತು, ಯಾರ ಫೋನಿನಲ್ಲಿ ಉಳಿಯಿತು ಎಂದು ಕೇಳುವ ಧೈರ್ಯ ಅವಳಿಗಿರಲಿ, ನಮ್ಮಂಥ ಓದುಬರಹ ಬಲ್ಲವರಿಗೂ ಇಲ್ಲ.

ನಾವು ಒಮ್ಮೆ ಒಂದು ಸರ್ಕಾರಿ ಕಚೇರಿಯಲ್ಲಿ ಸರದಿಗಾಗಿ ಕಾಯುತ್ತ ನಿಂತಿದ್ದೆವು. ಎದುರಿನ ಕಂಪ್ಯೂಟರಿನ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿತ್ತು. ಅದರಲ್ಲಿ ಸಾಹೇಬರ ಲಾಗಿನ್ ಹೆಸರೂ ಪಾಸ್‌ವರ್ಡೂ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದವು. ಸಾಹೇಬರ ಡಿಜಿಟಲ್ ಸಹಿಯ ಡಾಂಗಲ್ ಬೀಗದ ಕೈಯ ಗೊಂಚಲಿನಂತೆ ಸಿಪಿಯುವಿಗೆ ಸದಾ ಸಿಕ್ಕಿಸಿಕೊಂಡೇ ಇತ್ತು. ಸಾಹೇಬರು ಮಾತ್ರ ಮೀಟಿಂಗಿನಲ್ಲಿದ್ದರು. ಅವರ ಸಹಿ ಕಚೇರಿಯಲ್ಲಿ ಕೆಲಸ ಮಾಡುತ್ತಿತ್ತು. ಇದನ್ನು ನೋಡಿ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಪರದೆಯ ಹಿಂದೆ ಇಡೀ ತಾಲ್ಲೂಕಿನ ಜನರ ಹೊಲ, ಮನೆ, ಜಾತಿ, ಬ್ಯಾಂಕ್ ಖಾತೆಗಳಿವೆ ಎಂಬುದು ನೆನಪಾದಾಗ ನಗು ಬರಲಿಲ್ಲ.

ನಿಜಾಮರ ಕಾಲದಿಂದಲೂ ನಮ್ಮ ಭಾಗದ ಕಚೇರಿಗಳ ಭಾಷೆಯಲ್ಲಿ ಉರ್ದು, ಫಾರ್ಸಿ, ಅರಬಿ ಪದಗಳು ಬೆರೆತಿವೆ. ದಫ್ತರ, ತಹಸೀಲು, ಜಮಾಬಂದಿ, ಅರ್ಜಿ, ದಾಖಲೆ ಎಂದು ಪಟ್ಟಿ ಮಾಡುತ್ತ ಹೋಗಬಹುದು. ಅವುಗಳಲ್ಲಿ ಒಂದು ‘ಅಮಾನತು’. ಕನ್ನಡದ ಕಚೇರಿಯಲ್ಲಿ ಈ ಪದಕ್ಕೆ ಉಳಿದಿರುವುದು ಒಂದೇ ಅರ್ಥ: ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ಹೊರಗಿಡುವುದು. ಆದರೆ ಅದರ ಮೂಲದ ಅರ್ಥ ಬೇರೆ. ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು, ಅವರು ಮರಳಿ ಕೇಳುವವರೆಗೆ ಕೆಡದಂತೆ ಕಾಯಬೇಕಾದ ಒಪ್ಪಿಗೆಯ ಗಂಟು, ಅದು ಅಮಾನತು. ಆ ಹೆಣ್ಣುಮಗಳು ಕೌಂಟರಿನಲ್ಲಿ ಕೊಟ್ಟದ್ದು ಕಾಗದವಲ್ಲ, ಅಮಾನತು. ಸರ್ಕಾರ ಅದರ ಒಡೆಯನಲ್ಲ, ಕಾವಲುಗಾರ ಮಾತ್ರ. ಈ ಒಂದು ವ್ಯತ್ಯಾಸವನ್ನು ನಮ್ಮ ಆಡಳಿತ ಮರೆತಿರುವುದೇ ನಮ್ಮ ತಕರಾರಿನ ಮೂಲ.

ಕಾಯುವುದು ಹೇಗೆ? ಕಾಗದದ ಕಾಲದಲ್ಲಿ ಅದಕ್ಕೆ ಕಬ್ಬಿಣದ ಬೀರು ಇತ್ತು, ಅರಗಿನ ಮುದ್ರೆ ಇತ್ತು. ಕಂಪ್ಯೂಟರಿನ ಕಾಲದಲ್ಲಿ ಅದಕ್ಕೆ ಎನ್‌ಕ್ರಿಪ್ಶನ್ ಇದೆ. ಕನ್ನಡದಲ್ಲಿ ಗೂಢಲಿಪಿ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಕನ್ನಡಿಗರಿಗೆ ಇದು ಹೊಸ ವಿದ್ಯೆಯೂ ಅಲ್ಲ. ಕುಮುದೇಂದು ಮುನಿಯ ‘ಸಿರಿಭೂವಲಯ’ದಲ್ಲಿ ಅಕ್ಷರಗಳೇ ಇಲ್ಲ, ಬರೀ ಅಂಕಿಗಳು. ಇಪ್ಪತ್ತೇಳು ಅಡ್ಡ, ಇಪ್ಪತ್ತೇಳು ಉದ್ದದ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳನ್ನು ತುಂಬಲಾಗಿದೆ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬ ‘ಬಂಧ’ ಗೊತ್ತಿದ್ದವನಿಗೆ ಅದು ಕಾವ್ಯ, ಗೊತ್ತಿಲ್ಲದವನಿಗೆ ಬರೀ ಲೆಕ್ಕದ ಪಟ್ಟಿ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ, ಇರಲಿ. ನಮಗೆ ಬೇಕಾದದ್ದು ಅದರ ತತ್ವ. ಇಂದಿನ ಗೂಢಲಿಪಿಯೂ ಅದನ್ನೇ ಮಾಡುತ್ತದೆ. ಮಾಹಿತಿಯನ್ನು ಗಣಿತದ ಸೂತ್ರದಿಂದ ಕಲಸಿಬಿಡುತ್ತದೆ. ಸರಿಯಾದ ಕೀಲಿ ಇದ್ದವನಿಗೆ ಮಾತ್ರ ಅದು ಮತ್ತೆ ಅಕ್ಷರವಾಗುತ್ತದೆ. ಕಂಪ್ಯೂಟರನ್ನೇ ಹೊತ್ತೊಯ್ದ ಕಳ್ಳನಿಗೂ ಸಿಗುವುದು ಕಸ ಮಾತ್ರ.

ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ತತ್ವಜ್ಞಾನಿ ಅಲ್ ಕಿಂದಿ ಗೂಢಲಿಪಿಯನ್ನು ಒಡೆಯುವ ಬಗೆಯ ಕುರಿತು ಗ್ರಂಥ ಬರೆದ. ಒಂದು ಭಾಷೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿದರೆ ಗುಟ್ಟಿನ ಬರಹದ ಗುಟ್ಟು ಬಯಲಾಗುತ್ತದೆ ಎಂದು ತೋರಿಸಿಕೊಟ್ಟ. ಅಂದಿನಿಂದ ಬೀಗ ಮಾಡುವವರಿಗೂ ಬೀಗ ಒಡೆಯುವವರಿಗೂ ಪೈಪೋಟಿ ನಡೆದೇ ಇದೆ. 1883ರಲ್ಲಿ ಕೆರ್ಕಾಫ್ಸ್ ಎಂಬ ಭಾಷಾ ಪಂಡಿತ ಒಂದು ನಿಯಮ ಹೇಳಿದ: ಬೀಗದ ರಚನೆ ಇಡೀ ಜಗತ್ತಿಗೆ ಗೊತ್ತಿದ್ದರೂ ಪರವಾಗಿಲ್ಲ, ಕೀಲಿಯೊಂದು ಗುಟ್ಟಾಗಿದ್ದರೆ ಸಾಕು, ಅಂಥದ್ದೇ ಒಳ್ಳೆಯ ಬೀಗ. ಇದನ್ನು ತಿರುಗಿಸಿ ಹೇಳಿದರೆ, ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದರೆ ಅದು ಬೀಗವಲ್ಲ. ಕಂಪ್ಯೂಟರಿಗೆ ಅಂಟಿಸಿದ ಆ ಹಳದಿ ಚೀಟಿ ಅಂಥ ಕೀಲಿ.

ಇದು ಊಹೆಯ ಭಯವೆಂದು ಯಾರೂ ತಿಳಿಯಬಾರದು. ನಮ್ಮದೇ ರಾಜ್ಯದ ಲೆಕ್ಕ ನೋಡೋಣ. ಆಸ್ತಿ ನೋಂದಣಿಯ ‘ಕಾವೇರಿ’ ತಂತ್ರಾಂಶದಲ್ಲಿ ಕ್ರಯಪತ್ರಗಳ ಪ್ರತಿ ಸಿಗುತ್ತಿತ್ತು. ಆ ಪತ್ರದಲ್ಲಿ ಮಾರಿದವರ, ಕೊಂಡವರ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟಿನ ಗುರುತೂ ಇದ್ದವು. ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟು ಎರಡೂ ಇದ್ದರೆ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಓಟಿಪಿ ಇಲ್ಲದೆಯೇ ಬ್ಯಾಂಕಿನಿಂದ ಹಣ ತೆಗೆಯಬಹುದು. ಕಳ್ಳರು ಪತ್ರದಿಂದ ಬೆರಳಚ್ಚನ್ನು ಎತ್ತಿಕೊಂಡು ನಕಲು ಬೆರಳು ತಯಾರಿಸಿ ಜನರ ಖಾತೆಯಿಂದ ಹಣ ಲಪಟಾಯಿಸಿದ ಪ್ರಕರಣಗಳನ್ನು 2023ರಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದರು. ಆಮೇಲಷ್ಟೇ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ಮರೆಮಾಚುವ ಕೆಲಸಕ್ಕೆ ಸರ್ಕಾರ ಕೈಹಾಕಿತು. ಪಾಸ್‌ವರ್ಡ್ ಕಳವಾದರೆ ಬದಲಾಯಿಸಬಹುದು. ಹೆಬ್ಬೆರಳು ಕಳವಾದರೆ ಎಲ್ಲಿಂದ ತರುವುದು?

2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೇ ಕನ್ನ ಬಿತ್ತು. ಗುತ್ತಿಗೆದಾರರು ಇಟ್ಟಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಹೊರಗೆ ಹರಿದುಹೋಯಿತು. 2022ರ ನವೆಂಬರಿನಲ್ಲಿ ಬೆಂಗಳೂರಿನ ‘ಚಿಲುಮೆ’ ಪ್ರಕರಣ ಹೊರಬಿತ್ತು. ಮತದಾರರಲ್ಲಿ ಜಾಗೃತಿ ಮೂಡಿಸುತ್ತೇವೆಂದು ಅನುಮತಿ ಪಡೆದ ಸಂಸ್ಥೆಯ ಜನ, ಸರ್ಕಾರಿ ಮತಗಟ್ಟೆ ಅಧಿಕಾರಿಗಳಂತೆ ಮನೆಮನೆಗೆ ಹೋಗಿ ಮತದಾರರ ವೈಯಕ್ತಿಕ ಮಾಹಿತಿ ಸಂಗ್ರಹಿಸಿದರು ಎಂಬುದು ಆರೋಪ. ಚುನಾವಣಾ ಆಯೋಗದ ಸೂಚನೆಯ ಮೇಲೆ ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯನ್ನು ಮತ್ತೆ ಪರಿಶೀಲಿಸಬೇಕಾಯಿತು. ಮೂಲ ಅರ್ಥದ ಅಮಾನತು ಮುರಿದಾಗ ಕನ್ನಡದ ಅರ್ಥದ ಅಮಾನತು ಬಂತು. ಆದರೆ ಹೊರಗೆ ಹೋದ ಮಾಹಿತಿ ಮರಳಿ ಬಂತೇ?

ಬರೀ ಯಂತ್ರವನ್ನು ನಂಬುವವರಿಗೆ ಇನ್ನೊಂದು ಪ್ರಕರಣ ನೆನಪಿಸಬೇಕು. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ನಮ್ಮ ಕಲಬುರಗಿಯ ಹೆಸರು ಅದರಲ್ಲಿ ಎಷ್ಟು ಕೆಟ್ಟಿತೆಂಬುದು ಎಲ್ಲರಿಗೂ ಗೊತ್ತು. ಉತ್ತರ ಪತ್ರಿಕೆಗಳು ಬೆಂಗಳೂರಿನ ಭದ್ರತಾ ಕೊಠಡಿಯಲ್ಲಿ, ಬೀಗದೊಳಗೆ, ಪೊಲೀಸ್ ಕಾವಲಿನಲ್ಲೇ ಇದ್ದವು. ಆದರೂ ಅಲ್ಲೇ ಅವುಗಳನ್ನು ತಿದ್ದಲಾಯಿತು ಎಂಬ ಆರೋಪದಲ್ಲಿ 2022ರ ಜುಲೈಯಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧನಕ್ಕೊಳಗಾದರು. ಪರೀಕ್ಷೆ ರದ್ದಾಯಿತು. ಪ್ರಾಮಾಣಿಕವಾಗಿ ಓದಿದ ಬಡವರ ಮಕ್ಕಳು 2024ರ ಜನವರಿಯವರೆಗೆ ಮರುಪರೀಕ್ಷೆಗಾಗಿ ಕಾದರು. ಬೀಗವಿತ್ತು, ಕಾವಲೂ ಇತ್ತು. ಯಾರು ಯಾವಾಗ ಬೀಗ ತೆಗೆದರು ಎಂಬುದರ ಮೇಲೆ ಇನ್ನೊಬ್ಬರ ಕಣ್ಣು ಇರಲಿಲ್ಲ. ಗೂಢಲಿಪಿಯ ವಿಷಯದಲ್ಲೂ ಪಾಠ ಇದೇ. ಕೀಲಿ ಒಬ್ಬನ ಜೇಬಿನಲ್ಲಿ ಇರಕೂಡದು. ಬೀಗ ತೆರೆದ ಪ್ರತಿ ಸಲವೂ ಅಳಿಸಲಾಗದ ದಾಖಲೆ ಉಳಿಯಬೇಕು.

ಹಾಗಾದರೆ ತಪ್ಪು ಕೌಂಟರಿನ ಹುಡುಗನದೇ? ಅಲ್ಲ. ಅವನು ಹೊರಗುತ್ತಿಗೆಯ ನೌಕರ. ಕಡಿಮೆ ಸಂಬಳ, ನಾಳೆ ಕೆಲಸ ಇರುತ್ತದೋ ಇಲ್ಲವೋ ತಿಳಿಯದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದ್ದನ್ನು ನೆನಪಿಸಿಕೊಳ್ಳಿ. ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಎನ್ನುತ್ತೀರಿ, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಕೂರಲು ಕಚೇರಿ ಕೊಡುವುದಿಲ್ಲ ಎಂಬುದು ಅವರ ದೂರಿನಲ್ಲಿ ಮುಖ್ಯವಾಗಿತ್ತು. ಅಂದರೆ ರೈತರ ಪಹಣಿ, ಬೆಳೆ, ಮನೆಹಾನಿಯ ಮಾಹಿತಿಯೆಲ್ಲ ನೌಕರರ ಸ್ವಂತ ಫೋನುಗಳಲ್ಲಿ ಓಡಾಡುತ್ತದೆ. ಅದೇ ಫೋನನ್ನು ಮನೆಯಲ್ಲಿ ಮಕ್ಕಳು ಆಟಕ್ಕೆ ತೆಗೆದುಕೊಳ್ಳುತ್ತಾರೆ, ಕೆಟ್ಟರೆ ಬಸ್‌ಸ್ಟ್ಯಾಂಡಿನ ಅಂಗಡಿಗೆ ರಿಪೇರಿಗೆ ಹೋಗುತ್ತದೆ. ಅಧಿಕಾರಿಗಳು ಆದೇಶ ಕೊಡುವುದು ವಾಟ್ಸಪ್ ಗುಂಪಿನಲ್ಲಿ, ಫಲಾನುಭವಿಗಳ ಪಟ್ಟಿ ಬರುವುದು ಅದೇ ಗುಂಪಿನಲ್ಲಿ. ವಾಟ್ಸಪ್ಪಿನಲ್ಲೂ ಗೂಢಲಿಪಿ ಇದೆಯಲ್ಲ ಎಂದು ಕೆಲವರು ವಾದಿಸಬಹುದು. ಇದೆ, ದಾರಿಯಲ್ಲಿ. ತಲುಪಿದ ಮೇಲೆ ಗುಂಪಿನ ಇನ್ನೂರು ಫೋನುಗಳಲ್ಲೂ ಆ ಪಟ್ಟಿ ಬೆತ್ತಲೆಯಾಗಿ ಕುಳಿತಿರುತ್ತದೆ. ದಾರಿಯಲ್ಲಿ ಬೀಗ, ಮನೆಯಲ್ಲಿ ಬಾಗಿಲೇ ಇಲ್ಲ!

ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಕರ್ನಾಟಕ ‘ಭೂಮಿ’ ಯೋಜನೆಯನ್ನು ತಂದು ದೇಶಕ್ಕೇ ಮಾದರಿ ಎನಿಸಿಕೊಂಡಿತು. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ಆಗ ಪಹಣಿ ತಿದ್ದುವ ಅಧಿಕಾರಿ ತನ್ನ ಬೆರಳಚ್ಚು ಕೊಟ್ಟೇ ಕಂಪ್ಯೂಟರಿನೊಳಗೆ ಹೋಗಬೇಕಿತ್ತು. ಯಾರು ತಿದ್ದಿದರೆಂದು ನಾಳೆ ಗೊತ್ತಾಗಬೇಕಲ್ಲ! ಅಂದು ಬೆರಳು ಕೊಡಬೇಕಾಗಿದ್ದವನು ಅಧಿಕಾರಿ. ಇಂದು ರೇಶನ್ ಅಂಗಡಿಯಿಂದ ಪಿಂಚಣಿಯವರೆಗೆ ಬೆರಳು ಕೊಡುವವರು ಬಡವರು, ಅಧಿಕಾರಿಯ ಸಹಿ ಡಾಂಗಲಿನಲ್ಲಿ ತೂಗಾಡುತ್ತಿರುತ್ತದೆ. ಆಡಳಿತದಲ್ಲಿ ಏನು ಬದಲಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

‘ನಮ್ಮಲ್ಲಿ ಮುಚ್ಚಿಡುವಂಥದ್ದು ಏನಿದೆ? ಕಳ್ಳರಿಗೆ ತಾನೆ ಭಯ?’ ಎನ್ನುವ ಸಜ್ಜನರು ನಮ್ಮ ನಡುವೆ ಬಹಳ ಇದ್ದಾರೆ. ಅವರಿಗೆ ನಾವು ಕೇಳುತ್ತೇವೆ: ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿ ಔಷಧ ಪಡೆಯುವವರ ಪಟ್ಟಿ ಊರ ಚಾವಡಿಗೆ ಬಂದರೆ? ದೇವದಾಸಿ ಪದ್ಧತಿಯಿಂದ ಹೊರಬಂದು ಬೇರೆ ಊರಲ್ಲಿ ಬಾಳುತ್ತಿರುವ ತಾಯಿಯ ಹೆಸರು ಸಮೀಕ್ಷೆಯ ಕಡತದಿಂದ ಸೋರಿದರೆ? ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವ ಹುಡುಗ ಹುಡುಗಿಯ ಹೆಸರು, ವಿಳಾಸಗಳನ್ನು ಮೂವತ್ತು ದಿನ ನೋಟೀಸ್ ಬೋರ್ಡಿನಲ್ಲಿ ತೂಗುಹಾಕುವ ಪದ್ಧತಿ ಇದೆ. ಅದನ್ನು ಅಂತರ್ಜಾಲಕ್ಕೂ ಏರಿಸಿದಾಗ, ಬೇರೆ ಬೇರೆ ಧರ್ಮದ ಜೋಡಿಗಳ ನೋಟೀಸುಗಳು ದ್ವೇಷ ಹರಡುವವರ ಕೈಗೆ ಸಿಕ್ಕಿ ಎಷ್ಟು ಕುಟುಂಬಗಳು ನಲುಗಿದವು! ಕೊನೆಗೆ ಕೇರಳ ಸರ್ಕಾರ 2020ರಲ್ಲಿ ಅಂಥ ನೋಟೀಸುಗಳನ್ನು ಜಾಲತಾಣಕ್ಕೆ ಹಾಕುವುದನ್ನು ನಿಲ್ಲಿಸಬೇಕಾಯಿತು. ಆ ಜೋಡಿಗಳು ಯಾವ ಕಳ್ಳತನ ಮಾಡಿದ್ದರು?

ಪಟ್ಟಿಗಳಿಗೆ ರಕ್ತದ ಚರಿತ್ರೆಯೂ ಇದೆ. ಹಾಲೆಂಡಿನ ಅಚ್ಚುಕಟ್ಟಾದ ಜನಸಂಖ್ಯಾ ನೋಂದಣಿಯಲ್ಲಿ ಧರ್ಮದ ಕಾಲಂ ಇತ್ತು. ಅದನ್ನು ಬರೆದ ಗುಮಾಸ್ತರು ಕೆಟ್ಟವರಾಗಿರಲಿಲ್ಲ. ಆದರೆ ನಾಜಿಗಳು ದೇಶವನ್ನು ಹಿಡಿದಾಗ ಯಹೂದಿಗಳನ್ನು ಮನೆಮನೆಯಿಂದ ಹುಡುಕಲು ಅದೇ ಕಡತಗಳು ನೆರವಾದವು. 1943ರ ಮಾರ್ಚಿನಲ್ಲಿ ಅಲ್ಲಿನ ಪ್ರತಿರೋಧದ ಹೋರಾಟಗಾರರು ಪ್ರಾಣದ ಹಂಗು ತೊರೆದು ಆಮ್‌ಸ್ಟರ್‌ಡಾಮಿನ ನೋಂದಣಿ ಕಚೇರಿಗೆ ಬೆಂಕಿಯಿಟ್ಟು ಆ ಕಾರ್ಡುಗಳನ್ನು ಸುಡಲು ಯತ್ನಿಸಿದರು. ದೂರದ ಮಾತು ಬಿಡಿ. 2002ರಲ್ಲಿ ಗುಜರಾತಿನಲ್ಲಿ ದಾಳಿಕೋರರ ಕೈಯಲ್ಲಿ ಮುಸ್ಲಿಮರ ಮನೆ, ಅಂಗಡಿಗಳ ವಿಳಾಸವಿದ್ದ ಕಂಪ್ಯೂಟರ್ ಪಟ್ಟಿಗಳಿದ್ದವು, ಅದರ ಮಾಹಿತಿ ಅಹಮದಾಬಾದಿನ ನಗರಪಾಲಿಕೆಯೂ ಸೇರಿದಂತೆ ಹಲವು ಮೂಲಗಳಿಂದ ಬಂದಿತ್ತು ಎಂದು ಹ್ಯೂಮನ್ ರೈಟ್ಸ್ ವಾಚ್ ಅದೇ ವರ್ಷದ ಏಪ್ರಿಲ್ ವರದಿಯಲ್ಲಿ ದಾಖಲಿಸಿತು. ತೆರಿಗೆ ಕಟ್ಟಲೆಂದು ಕೊಟ್ಟ ವಿಳಾಸ ಕೊಲ್ಲುವವರಿಗೆ ದಾರಿ ತೋರಿಸಿತು ಎಂದರೆ ಅದಕ್ಕಿಂತ ದೊಡ್ಡ ಅಮಾನತಿನ ದ್ರೋಹ ಯಾವುದು? ‘ಮುಚ್ಚಿಡುವಂಥದ್ದು ಏನಿದೆ’ ಎಂದು ಕೇಳುವವರು ತಮ್ಮ ಹೆಸರೇ ಅಪಾಯವಾಗುವ ದಿನವನ್ನು ಕಂಡಿರುವುದಿಲ್ಲ.

ಹಾಗೆಂದು ಸಮೀಕ್ಷೆಯೇ ಬೇಡ ಎನ್ನುವವರು ನಾವಲ್ಲ. ಲೆಕ್ಕವಿಲ್ಲದೆ ನ್ಯಾಯವಿಲ್ಲ. 2011ರ ಜನಗಣತಿ ಮಾಡಿರದಿದ್ದರೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 52ರ ಆಸುಪಾಸಿನಲ್ಲಿದೆ, ರಾಜ್ಯದಲ್ಲೇ ಕೊನೆಯ ಸ್ಥಾನ ನಮ್ಮದು ಎಂಬ ಸತ್ಯ ಯಾರಿಗೆ ತಿಳಿಯುತ್ತಿತ್ತು? 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಅರವತ್ತು ಪ್ರಶ್ನೆಗಳಿದ್ದವು. ಜಾತಿ, ಕಸುಬು, ಸಾಲ, ಆಸ್ತಿ ಎಲ್ಲವನ್ನೂ ಕೇಳಲಾಯಿತು. ಅದಕ್ಕೆ ಹೈಕೋರ್ಟ್ ತಡೆ ಕೊಡಲಿಲ್ಲ. ಆದರೆ ಯಾರನ್ನೂ ಒತ್ತಾಯಿಸಬಾರದು, ಕೊಟ್ಟ ಮಾಹಿತಿ ಗೌಪ್ಯವಾಗಿಯೇ ಉಳಿಯಬೇಕು ಎಂದು ಸೆಪ್ಟೆಂಬರ್ 25ರ ಮಧ್ಯಂತರ ಆದೇಶದಲ್ಲಿ ಹೇಳಿತು. ಈ ಮಾತು ಕಾಗದದಲ್ಲಿ ಉಳಿದರೆ ಸಾಲದು. ಹಿಂದುಳಿದವರಿಗೆ ನ್ಯಾಯ ಕೊಡಲೆಂದು ಪಡೆದ ಉತ್ತರಗಳು ಚುನಾವಣೆಯ ಏಜೆಂಟರಿಗೋ ಸಾಲ ಮಾರುವ ಕಂಪನಿಗಳಿಗೋ ಸೋರಿದರೆ, ಮುಂದಿನ ಸಮೀಕ್ಷೆಗೆ ಬಾಗಿಲು ತೆರೆಯುವವರು ಯಾರೂ ಇರುವುದಿಲ್ಲ. ಅಲ್ಲಿಗೆ ಸಾಮಾಜಿಕ ನ್ಯಾಯದ ಲೆಕ್ಕವೂ ಮುಗಿಯಿತು.

ಇನ್ನು ಸರ್ಕಾರದ ಇಬ್ಬಂದಿತನದ ಮಾತು. ತನ್ನ ಕಡತಕ್ಕೆ ಬೀಗ ಬೇಕೆನ್ನುವ ಸರ್ಕಾರ ಜನರ ಬೀಗವನ್ನು ಸಹಿಸುವುದಿಲ್ಲ. 2015ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಗೂಢಲಿಪಿ ನೀತಿಯ ಕರಡು, ನಾಗರಿಕರು ತಾವು ಕಳುಹಿಸಿದ ಸಂದೇಶಗಳ ಬಿಡಿಸಿದ ಪ್ರತಿಯನ್ನು ತೊಂಬತ್ತು ದಿನ ಇಟ್ಟುಕೊಂಡು ಕೇಳಿದಾಗ ಪೊಲೀಸರಿಗೆ ತೋರಿಸಬೇಕು ಎಂದಿತ್ತು. ಗದ್ದಲವೆದ್ದ ಮೇಲೆ ಕರಡನ್ನು ಹಿಂತೆಗೆದುಕೊಂಡರು. 2021ರ ಐಟಿ ನಿಯಮಗಳಲ್ಲಿ ಸಂದೇಶವನ್ನು ಮೊದಲು ಕಳಿಸಿದವರು ಯಾರೆಂದು ಪತ್ತೆಹಚ್ಚಿಕೊಡಬೇಕೆಂಬ ಷರತ್ತು ಬಂತು. ಭಯೋತ್ಪಾದಕರನ್ನು ಹಿಡಿಯಲು ಇದು ಬೇಕು ಎನ್ನುತ್ತಾರೆ. ಅಪರಾಧಿಯನ್ನು ಹಿಡಿಯಬೇಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಪೊಲೀಸರಿಗಷ್ಟೇ ತೆರೆದುಕೊಳ್ಳುವ ಹಿಂಬಾಗಿಲನ್ನು ಮಾಡುವ ಗಣಿತ ಈವರೆಗೆ ಹುಟ್ಟಿಲ್ಲ. ಒಬ್ಬರಿಗಾಗಿ ಬಿಟ್ಟ ಬಿರುಕು ಕಳ್ಳನಿಗೂ ಬಿರುಕೇ.

ಇನ್ನೊಂದೆಡೆ ಗೌಪ್ಯತೆಯ ಹೆಸರಿನಲ್ಲಿ ಸರ್ಕಾರ ತನ್ನ ಕಿಟಕಿಯನ್ನೇ ಮುಚ್ಚಿಕೊಂಡಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪಿನ ಫಲವಾಗಿ ಬರಬೇಕಿದ್ದ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಮಾಹಿತಿಯನ್ನು ಗೂಢಲಿಪಿಯಲ್ಲಿಡುವುದು, ಮರೆಮಾಚುವುದು ಮುಂತಾದ ಕ್ರಮಗಳ ಪ್ರಸ್ತಾಪ ನಿಯಮಗಳಲ್ಲಿದೆ, ಕಾಪಾಡಲು ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡವೂ ಇದೆ. ಒಳ್ಳೆಯದು. ಆದರೆ ಅದೇ ಕಾಯ್ದೆಯ 17ನೆಯ ಕಲಂ, ಕೇಂದ್ರ ಸರ್ಕಾರ ಹೆಸರಿಸಿದ ಸರ್ಕಾರಿ ಸಂಸ್ಥೆಗಳಿಗೆ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು ಎನ್ನುತ್ತದೆ. 44ನೆಯ ಕಲಂ ಮಾಹಿತಿ ಹಕ್ಕು ಕಾಯ್ದೆಯನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಒಂದೇ ಮಾತಿನಿಂದ ಅರ್ಜಿಯನ್ನು ತಿರಸ್ಕರಿಸುವ ದಾರಿ ಮಾಡಿಕೊಟ್ಟಿದೆ. ಬಡವಿಯ ಹೆಬ್ಬೆಟ್ಟು ಬಯಲಿನಲ್ಲಿ, ಅಧಿಕಾರಿಯ ತೀರ್ಮಾನ ಬೀಗದೊಳಗೆ. ಪೂರ್ತಿ ತಲೆಕೆಳಗಾದ ನ್ಯಾಯ ಇದು.

ಯಾವುದನ್ನು ತೆರೆದಿಡಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದು ಅಷ್ಟೇನೂ ಕಠಿಣ ಪ್ರಶ್ನೆಯಲ್ಲ. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿ ಬಯಲಿನಲ್ಲಿದ್ದುದರಿಂದಲೇ ಸತ್ತವರ ಹೆಸರಿನಲ್ಲಿ ಕೂಲಿ ನುಂಗಿದವರು ಸಾಮಾಜಿಕ ಪರಿಶೋಧನೆಯಲ್ಲಿ ಸಿಕ್ಕಿಬಿದ್ದರು. ಅದಕ್ಕೆ ಕೂಲಿಯ ಹೆಸರು, ದುಡಿದ ದಿನ, ಪಡೆದ ಹಣ ಗೊತ್ತಾದರೆ ಸಾಕು. ಅವನ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಬೆರಳಚ್ಚು ಯಾರಿಗೂ ಬೇಕಿಲ್ಲ. ಸರ್ಕಾರ ಹೇಗೆ ನಡೆದುಕೊಂಡಿತು ಎಂಬುದು ಜನರಿಗೆ ಕಾಣಬೇಕು, ಜನರ ಮೈ ಮನೆ ಮರ್ಯಾದೆಗಳು ಮುಚ್ಚಿರಬೇಕು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ತಾಲ್ಲೂಕು ಕಚೇರಿಯಿಂದ ವಿಧಾನಸೌಧದವರೆಗೆ ಜನರ ವೈಯಕ್ತಿಕ ಮಾಹಿತಿ ಇರುವ ಪ್ರತಿ ಕಂಪ್ಯೂಟರು, ಪೆನ್‌ಡ್ರೈವು, ಸರ್ವರು ಗೂಢಲಿಪಿಯಲ್ಲಿರಲಿ. ಕೀಲಿಯ ಹೊಣೆ ಇಬ್ಬರಿಗಾದರೂ ಹಂಚಿರಲಿ, ಯಾರು ಯಾವ ಕಡತ ತೆರೆದರೆಂಬ ದಾಖಲೆಯನ್ನು ಹೊರಗಿನವರು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಲಿ. ಮೊದಲ ಎಂಟು ಅಂಕಿ ಮರೆಸಿದ ಆಧಾರ್ ಪ್ರತಿ ಎಲ್ಲಿ ಸಾಕೋ ಅಲ್ಲಿ ಪೂರ್ತಿ ಸಂಖ್ಯೆ ಕೇಳುವುದನ್ನು ನಿಲ್ಲಿಸಲಿ. ಸರ್ಕಾರಿ ಕೆಲಸಕ್ಕೆ ಸರ್ಕಾರವೇ ಫೋನು ಕೊಡಲಿ, ಬಳಸುವುದನ್ನು ಕನ್ನಡದಲ್ಲಿ ಕಲಿಸಲಿ. ಮಾಹಿತಿ ಸೋರಿದರೆ ಆ ಮುದನಾಳದ ಹೆಣ್ಣುಮಗಳಿಗೆ ಅವಳಿಗೆ ತಿಳಿಯುವ ಭಾಷೆಯಲ್ಲಿ ಹೇಳಲಿ, ನಷ್ಟ ತುಂಬಿಕೊಡಲಿ. ಹೊರಗುತ್ತಿಗೆಯ ಹುಡುಗನನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳುವ ಚಾಳಿ ನಿಲ್ಲಲಿ.

ನಾವು ಜನರೂ ಸುಮ್ಮನಿರಬಾರದು. ಅರ್ಜಿ ಕೊಡುವಾಗ ‘ಈ ಝೆರಾಕ್ಸು ಯಾಕೆ ಬೇಕು, ಕೆಲಸ ಮುಗಿದ ಮೇಲೆ ಏನು ಮಾಡುತ್ತೀರಿ?’ ಎಂದು ಕೇಳುವ ರೂಢಿ ಬೆಳೆಸಿಕೊಳ್ಳಬೇಕು. ಓದು ಬಲ್ಲವರು ಓದು ಬಾರದವರ ಪರವಾಗಿ ಕೇಳಬೇಕು. ಅರ್ಧದಷ್ಟು ಜನರಿಗೆ ಅಕ್ಷರವೇ ಬಾರದ ಜಿಲ್ಲೆಯಲ್ಲಿ ಇದು ಬಹಳ ಅಗತ್ಯ. ತಾನು ಏನು ಕೊಡುತ್ತಿದ್ದೇನೆಂದು ಓದಲಾರದವರು ಎದುರಿನವರ ಮುಖ ನೋಡಿ, ನಂಬಿ ಹೆಬ್ಬೆಟ್ಟು ಒತ್ತುತ್ತಾರೆ. ಆ ನಂಬಿಕೆಯನ್ನು ಕಾಯಲಾಗದ ಕಚೇರಿಗೆ ಅವರ ಹೆಬ್ಬೆಟ್ಟು ಕೇಳುವ ಹಕ್ಕೂ ಇಲ್ಲ.